ಮುರಿದ ಕಾಲಿಗೆ ಉಕ್ಕಿನ ಬಳೆ

ಬೈಕ್ ಅಪಘಾತದಲ್ಲಿ ಮೊಣಕಾಲ ಕೆಳಗಿನ ಮೂಳೆ ಮುರಿದವರ ಕಾಲಿನ ಸುತ್ತ ಉಕ್ಕಿನ ಬಳೆಗಳು, ಅಡ್ಡ ತಂತಿಗಳು ಇರುವುದನ್ನು ನೀವು ನೋಡಿರಬಹುದು. ಅದನ್ನು ಇಲಿಜರೋವ್ ರಿಂಗ್ ಎನ್ನುತ್ತಾರೆ. ಇಲಿಜರೋವ್ ಎಂಬುದು ಒಬ್ಬ ವೈದ್ಯರ ಹೆಸರು.

ಗವ್ರಿಯಿಲ್ ಇಲಿಜರೋವ್ ಅವರು 1921ರಲ್ಲಿ ಬಡ ಯಹೂದಿ ಕುಟುಂಬದಲ್ಲಿ ಜನಿಸಿದರು. ಬಾಲ್ಯ ಕಳೆದದ್ದು ಅಜರ್‌ಬೈಜಾನಿನ ಕುಸಾರ್ ಎಂಬ ಊರಿನಲ್ಲಿ. ತಂದೆ ಬೇಗ ತೀರಿಕೊಂಡರು. ಮನೆಯ ಹಿರಿಮಗನಾದ ಇವರು ಶಾಲೆಗೆ ಸೇರಿದ್ದೇ 11 ವರ್ಷ ದಾಟಿದ ಮೇಲೆ. ಆದರೂ 1944ರಲ್ಲಿ, ಮಹಾಯುದ್ಧ ನಡೆಯುತ್ತಿರುವಾಗಲೇ, ವೈದ್ಯಕೀಯ ಪದವಿ ಪಡೆದರು.

ಕೆಲಸ ಸಿಕ್ಕಿದ್ದು ರಷ್ಯಾದ ಕುರ್ಗಾನ್ ಪ್ರಾಂತ್ಯದ ದೊಲ್ಗೊವ್ಕಾ ಎಂಬ ಹಳ್ಳಿಯಲ್ಲಿ. ಯುದ್ಧದಲ್ಲಿ ಗಾಯಗೊಂಡು, ಮೂಳೆ ಕೂಡದೆ ಕೀವು ಸೋರುತ್ತಿದ್ದವರು ಆ ಭಾಗದಲ್ಲಿ ಬಹಳ ಮಂದಿ. ಮೊಣಕಾಲ ಕೆಳಗಿನ ಮೂಳೆಯ ಮುಂಭಾಗಕ್ಕೆ ಚರ್ಮವೊಂದೇ ಹೊದಿಕೆ, ಮಾಂಸವಿಲ್ಲ. ಆದ್ದರಿಂದ ಮುರಿದಾಗ ಸುಲಭವಾಗಿ ಹೊರಚುಚ್ಚಿ ಮಣ್ಣು, ಕೊಳೆ ಸೇರುತ್ತದೆ. ಪ್ಲಾಸ್ಟರ್ ಹಾಕಿದರೆ ಗಾಯ ಮುಚ್ಚಿಹೋಗುತ್ತದೆ. ಒಳಗೆ ಲೋಹದ ಪಟ್ಟಿ ಕೂರಿಸಿದರೆ ಅದರ ಮೇಲೆಯೇ ಸೋಂಕು ಬೆಳೆಯುವ ಭಯ. ಮೂಳೆಯನ್ನು ಹೊರಗಿನಿಂದ ಹಿಡಿದಿಡುವ ಯತ್ನಗಳು ಮೊದಲೂ ನಡೆದಿದ್ದವು. 1951ರಲ್ಲಿ ಇಲಿಜರೋವ್ ಅವರು ರೂಪಿಸಿದ ವಿಧಾನ ಇದು: ತೆಳುವಾದ ತಂತಿಗಳನ್ನು ಮೂಳೆಯ ಮೂಲಕ ಅಡ್ಡಡ್ಡವಾಗಿ ದಾಟಿಸಿ, ಬಿಗಿಯಾಗಿ ಎಳೆದು ಬಳೆಗಳಿಗೆ ಕಟ್ಟುವುದು, ಬಳೆಗಳನ್ನು ಸರಳುಗಳಿಂದ ಜೋಡಿಸುವುದು. ಗಾಯ ತೆರೆದೇ ಇರುತ್ತದೆ, ದಿನವೂ ಶುಚಿ ಮಾಡಬಹುದು. ರೋಗಿ ಕಾಲೂರಿ ನಡೆಯಲೂಬಹುದು.

ಮೂಳೆಯನ್ನು ಕತ್ತರಿಸಿ ದಿನಕ್ಕೆ ಸುಮಾರು 1 ಮಿಲಿಮೀಟರಿನಂತೆ ನಿಧಾನವಾಗಿ ದೂರ ಸರಿಸಿದರೆ ನಡುವೆ ಹೊಸ ಮೂಳೆ ಹುಟ್ಟುತ್ತದೆ ಎಂಬುದನ್ನೂ ಅವರು ತೋರಿಸಿಕೊಟ್ಟರು. ನನಗಂತೂ ಇದೇ ಅವರ ದೊಡ್ಡ ಕೊಡುಗೆ ಎನಿಸುತ್ತದೆ. ಗಾಯದಲ್ಲಿ ಮೂಳೆಯ ತುಂಡೇ ಕಳೆದುಹೋದವರ ಕಾಲನ್ನೂ ಇದರಿಂದ ಉಳಿಸಬಹುದು.

ಆದರೆ ಹಳ್ಳಿ ವೈದ್ಯರ ಮಾತನ್ನು ಮಾಸ್ಕೋದ ದೊಡ್ಡವರು ಕೇಳಬೇಕಲ್ಲ! ವರ್ಷಗಟ್ಟಲೆ ಅನುಮಾನ, ಅಸಡ್ಡೆ. 1964ರ ಒಲಿಂಪಿಕ್ಸ್‌ನಲ್ಲಿ ಎತ್ತರ ಜಿಗಿತದ ಚಿನ್ನ ಗೆದ್ದಿದ್ದ ವಲೇರಿ ಬ್ರೂಮೆಲ್ ಮರುವರ್ಷ ಮೋಟಾರ್ ಸೈಕಲ್ ಅಪಘಾತಕ್ಕೆ ಸಿಲುಕಿ ಬಲಗಾಲಿನ ಮೂಳೆ ಹೊರಬರುವಂತೆ ಮುರಿದುಕೊಂಡರು. ಮೇಲಿಂದ ಮೇಲೆ ಶಸ್ತ್ರಚಿಕಿತ್ಸೆಯಾದರೂ ಮೂಳೆ ಕೂಡಲಿಲ್ಲ. ಕೊನೆಗೆ 1968ರಲ್ಲಿ ಕುರ್ಗಾನಿಗೆ ಬಂದರು. ವಾಸಿಯಾದ ಬಳಿಕ ಅದೇ ಬ್ರೂಮೆಲ್ ಮತ್ತೆ 2 ಮೀಟರ್ ಮೀರಿ ಜಿಗಿದಾಗ ದೇಶವೆಲ್ಲ ಇಲಿಜರೋವ್ ಅವರತ್ತ ತಿರುಗಿ ನೋಡಿತು.

ಹೊರದೇಶಗಳಿಗೆ ಸುದ್ದಿ ಮುಟ್ಟಲು ಇನ್ನಷ್ಟು ಕಾಲ ಹಿಡಿಯಿತು. ಇಟಲಿಯ ಪರ್ವತಾರೋಹಿ ಕಾರ್ಲೊ ಮೌರಿ ಎಷ್ಟೋ ವರ್ಷಗಳಿಂದ ವಾಸಿಯಾಗದ ಕಾಲನ್ನು 1980ರಲ್ಲಿ ಕುರ್ಗಾನಿನಲ್ಲಿ ಸರಿಪಡಿಸಿಕೊಂಡು ಊರಿಗೆ ಮರಳಿದಾಗ ಅಲ್ಲಿನ ವೈದ್ಯರು ಬೆರಗಾದರು. 1981ರಲ್ಲಿ ಇಲಿಜರೋವ್ ಅವರನ್ನು ಇಟಲಿಗೆ ಕರೆಸಿಕೊಂಡು ಅವರ ಉಪನ್ಯಾಸ ಕೇಳಿದರು. ಆಗ ಅವರಿಗೆ 60 ವರ್ಷ. 1992ರಲ್ಲಿ ಕುರ್ಗಾನಿನಲ್ಲಿಯೇ ನಿಧನರಾದರು.