ಸೇವಾಲಾಲರು ನಡೆದ ದಾರಿ, ನಾವು ತೆರೆಯಬೇಕಾದ ಬಾಗಿಲು

ಹಿಂದೆ ಹೊನ್ನಾಳಿ ತಾಲ್ಲೂಕಿಗೆ ಸೇರಿದ್ದು ಈಗ ನ್ಯಾಮತಿ ತಾಲ್ಲೂಕಿನಲ್ಲಿರುವ ಸೂರಗೊಂಡನಕೊಪ್ಪ ದೊಡ್ಡ ಊರೇನಲ್ಲ. ಆದರೆ ಫೆಬ್ರುವರಿ ನಡುವಿನ ದಿನಗಳಲ್ಲಿ ಚನ್ನಗಿರಿ, ಜಗಳೂರು ಕಡೆಯ ತಾಂಡಾಗಳಿಂದ ಮೊದಲ್ಗೊಂಡು ನೆರೆರಾಜ್ಯಗಳವರೆಗಿನ ಬಂಜಾರರು ಮಾಲೆ ಧರಿಸಿ ಅಲ್ಲಿಗೆ ಬರುತ್ತಾರೆ. ಅವರ ಪಾಲಿಗೆ ಅದು ಭಾಯಾಗಡ. 1739ರ ಫೆಬ್ರುವರಿ 15ರಂದು ಸಂತ ಸೇವಾಲಾಲರು ಜನಿಸಿದರೆಂದು ಸಮುದಾಯ ನಂಬಿರುವ ನೆಲ. ಇಷ್ಟು ಜನರನ್ನು ಇಂದಿಗೂ ಸೆಳೆಯುವ ಈ ಸಂತರ ಬದುಕು ಬಂಜಾರೇತರರಾದ ನಮಗೆ ಎಷ್ಟು ಗೊತ್ತು ಎಂಬ ಪ್ರಶ್ನೆಯನ್ನು ನಾವು ಕೇಳಿಕೊಳ್ಳಲೇಬೇಕಾಗಿದೆ.

ಸೇವಾಲಾಲರ ಚರಿತ್ರೆ ದಫ್ತರಗಳಲ್ಲಿ ಉಳಿದದ್ದಕ್ಕಿಂತ ತಾಂಡಾದ ಹಾಡುಗಳಲ್ಲಿ ಉಳಿದದ್ದೇ ಹೆಚ್ಚು. ಬಂಜಾರರ ಗೋರ್‌ಬೋಲಿಗೆ ಸ್ವಂತ ಲಿಪಿಯಿಲ್ಲ; ನೆನಪೇ ಅದರ ಗ್ರಂಥಾಲಯ. ಆ ನೆನಪಿನ ಪ್ರಕಾರ ತಂದೆ ಭೀಮಾ ನಾಯಕ, ತಾಯಿ ಧರ್ಮಿಣಿ. ದನಕರುಗಳ ನಡುವೆ ಬೆಳೆದ ಬಾಲಕ ಜಗದಂಬೆಯ ಭಕ್ತನಾದ, ಕೊನೆಯವರೆಗೂ ಬ್ರಹ್ಮಚಾರಿಯಾಗಿ ಉಳಿದ. ತಾಂಡಾದೊಡನೆ ನಿಜಾಮನ ಸೀಮೆಯನ್ನು ಹಾದು ಉತ್ತರಕ್ಕೆ ನಡೆದ ಅವರ ಸಮಾಧಿ ಇಂದಿನ ಮಹಾರಾಷ್ಟ್ರದ ವಾಶಿಮ್ ಜಿಲ್ಲೆಯ ಪೊಹರಾದೇವಿಯಲ್ಲಿದೆ.

ಈ ಅಲೆದಾಟ ಗೊತ್ತುಗುರಿಯಿಲ್ಲದ ತಿರುಗಾಟವಾಗಿರಲಿಲ್ಲ. ಹೇರೆತ್ತುಗಳ ಮೇಲೆ ಉಪ್ಪು, ದವಸಧಾನ್ಯಗಳನ್ನು ಸಾಗಿಸುವುದು ಬಂಜಾರರ ಕಸುಬು. ಲಂಬಾಣಿ ಎಂಬ ಹೆಸರಿನ ಮೂಲವನ್ನು ಲವಣ ಶಬ್ದದಲ್ಲಿ ಗುರುತಿಸುವ ವಿದ್ವಾಂಸರಿದ್ದಾರೆ. ಕಾರ್ನ್‌ವಾಲಿಸನ ಸೇನೆ 1792ರಲ್ಲಿ ಶ್ರೀರಂಗಪಟ್ಟಣವನ್ನು ಮುತ್ತಿದಾಗಲೂ, 1799ರ ಯುದ್ಧದಲ್ಲೂ ಇಂಗ್ಲಿಷರ ಪಾಳೆಯ ಕಾಳಿಗಾಗಿ ನೆಚ್ಚಿದ್ದು ಈ ಎತ್ತಿನ ಸಾಲುಗಳನ್ನೇ. ಅರಸರಿಗೂ ಸಂತೆಗೂ ಅವರು ಬೇಕಿದ್ದರು. ಊರೊಳಗೆ ನೆಲೆ ಮಾತ್ರ ಅವರಿಗಿರಲಿಲ್ಲ. ವ್ಯವಹಾರ ಮುಗಿದೊಡನೆ ಅವರು ಮರಳುತ್ತಿದ್ದುದು ಊರಾಚೆಯ ಬಯಲಿಗೆ.

ಇಂಥ ಜನರ ನಡುವೆ ಸೇವಾಲಾಲರು ಕಟ್ಟಿದ್ದು ಒಂದು ನಡತೆಯ ಶಿಸ್ತನ್ನು. ಕಳವು, ಸುಳ್ಳು, ಮದ್ಯಪಾನ ಕೂಡದು, ಹೆಣ್ಣನ್ನು ಗೌರವಿಸಬೇಕು, ಕಾಡು, ನೀರು, ಪ್ರಾಣಿಗಳನ್ನು ಕಾಯಬೇಕು. ಇವು ಅವರ ಬೋಧೆಯೆಂದು ಸಮುದಾಯ ಹೇಳುತ್ತಾ ಬಂದಿದೆ. ಪವಾಡದ ಕಥೆಗಳೂ ಬೇಕಾದಷ್ಟಿವೆ. ನನಗೆ ಅವುಗಳಿಗಿಂತ ಮುಖ್ಯವಾಗಿ ಕಾಣುವುದು ಭಕ್ತರು ಅವರನ್ನು ಸೇವಾಭಾಯಾ ಎಂದು ಕರೆಯುವುದು. ಭಾಯಾ ಎಂದರೆ ಸಹೋದರ. ಸಂತನನ್ನು ಗದ್ದುಗೆಯ ಮೇಲೆ ಕೂರಿಸುವ ಮೊದಲು ಪಂಕ್ತಿಯಲ್ಲಿ ಪಕ್ಕಕ್ಕೆ ಕೂರಿಸಿಕೊಂಡ ಸಮುದಾಯವಿದು.

ಅವರ ತರುವಾಯ ಕಾಲ ಕ್ರೂರವಾಯಿತು. ರಸ್ತೆ, ರೈಲುಗಳು ಬಂದು ಎತ್ತಿನ ಸಾಗಣೆ ಬಿದ್ದುಹೋಯಿತು. ಉಪ್ಪು ಸರ್ಕಾರದ ಹಿಡಿತಕ್ಕೆ ಸೇರಿತು. 1871ರಲ್ಲಿ ಬ್ರಿಟಿಷರು ಅಪರಾಧಿ ಬುಡಕಟ್ಟುಗಳ ಕಾಯ್ದೆಯನ್ನು ತಂದರು. ಮುಂದೆ ಕೆಲವು ಪ್ರಾಂತ್ಯಗಳಲ್ಲಿ ಲಂಬಾಣಿ ಪಂಗಡಗಳೂ ಅದರ ಪಟ್ಟಿಗೆ ಸೇರಿದವು. ಅಪರಾಧ ಹುಟ್ಟಿನಿಂದಲೇ ಬರುತ್ತದೆಂಬ ಆ ಕಾಯ್ದೆಯ ತರ್ಕ ಶುದ್ಧ ಜನಾಂಗದ್ವೇಷವಲ್ಲದೆ ಮತ್ತೇನೂ ಅಲ್ಲ. ಕಳವನ್ನು ನಿಷೇಧಿಸಿದ ಸಂತನ ಮಕ್ಕಳಿಗೇ ಕಳ್ಳರೆಂಬ ಹಣೆಪಟ್ಟಿ ಅಂಟಿತು. ಕಾಯ್ದೆ 1952ರಲ್ಲಿ ರದ್ದಾಯಿತು. ಅದು ಬಿತ್ತಿದ ಅನುಮಾನ ಮಾತ್ರ ಕಾಯ್ದೆಯೊಡನೆ ಹೋಗಲಿಲ್ಲ.

ಸರ್ಕಾರಗಳು ಕೈಕಟ್ಟಿ ಕುಳಿತಿಲ್ಲ. ಕರ್ನಾಟಕದಲ್ಲಿ ಲಂಬಾಣಿಗಳು ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿದ್ದಾರೆ. 2009ರಲ್ಲಿ ತಾಂಡಾ ಅಭಿವೃದ್ಧಿ ನಿಗಮ ಸ್ಥಾಪನೆಯಾಯಿತು. 2023ರ ಜನವರಿಯಲ್ಲಿ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ, ಕಂದಾಯ ಗ್ರಾಮಗಳಾದ ತಾಂಡಾಗಳ 50 ಸಾವಿರಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರ ವಿತರಿಸಲಾಯಿತು. ಆದರೆ ಹಕ್ಕುಪತ್ರ ನೆಲವನ್ನು ಕೊಟ್ಟೀತು, ನೆರೆಹೊರೆಯನ್ನು ಕೊಡಲಾರದು. ಅದನ್ನು ಕೊಡಬೇಕಾದವರು ಊರಿನವರು.

ಇದಕ್ಕೆ ದೊಡ್ಡ ಚಳವಳಿಯೇ ಬೇಕೆಂದೇನಿಲ್ಲ. ಊರಲ್ಲಿ ಏನಾದರೂ ಕಳುವಾದಾಗ ಮೊದಲ ಅನುಮಾನ ತಾಂಡಾದತ್ತ ತಿರುಗಿದರೆ, ಸಾಕ್ಷ್ಯವೇನೆಂದು ಕೇಳುವ ಒಬ್ಬ ಊರಿನವನಾದರೂ ಇರಬೇಕು. ಮನೆಯಲ್ಲಿ ಗೋರ್‌ಬೋಲಿ ಆಡುವ ಮಗು ಒಂದನೆಯ ತರಗತಿಯಲ್ಲಿ ಮೌನವಾಗಿ ಕುಳಿತರೆ ಅದು ದಡ್ಡತನವಲ್ಲ. ಆ ಭಾಷೆಯ ಇಪ್ಪತ್ತು ಮಾತು ಕಲಿತ ಶಿಕ್ಷಕರು ಆ ಮೌನವನ್ನು ಮುರಿಯಬಲ್ಲರು. ಕಬ್ಬು ಕಡಿಯಲು, ಕಾಫಿ ತೋಟದ ಕೆಲಸಕ್ಕೆ ವಲಸೆ ಹೋಗುವ ತಂದೆತಾಯಿಗಳ ಮಕ್ಕಳಿಗೆ ಊರಲ್ಲೇ ಉಳಿದು ಓದುವ ಏರ್ಪಾಡನ್ನು ಶಾಲೆಯ ಮೇಲುಸ್ತುವಾರಿ ಸಮಿತಿ ಮುಂಚಿತವಾಗಿ ಯೋಚಿಸಬಹುದು. ಗ್ರಾಮಸಭೆ ಒಮ್ಮೆಯಾದರೂ ತಾಂಡಾದ ಅಂಗಳದಲ್ಲಿ ನಡೆದರೆ, ಅಲ್ಲಿನ ಹೆಂಗಸರು ನೀರಿನ ಬಗ್ಗೆ ತಾವೇ ಮಾತನಾಡಿಯಾರು. ಅವರ ಉಡುಪನ್ನೂ ಉಚ್ಚಾರಣೆಯನ್ನೂ ನಗೆಚಾಟಿಕೆಗೆ ಬಳಸುವುದನ್ನು ಬಿಡಲು ಯಾವ ಅನುದಾನವೂ ಬೇಕಿಲ್ಲ.

ಪಟ್ಟಣದ ಓದುಬಲ್ಲವರಿಗೂ ಇದರಲ್ಲಿ ಪಾಲಿದೆ. ವಿದೇಶದಲ್ಲಿ ನಮ್ಮ ಮಕ್ಕಳ ಮೈಬಣ್ಣವನ್ನು ಯಾರಾದರೂ ಹೀಗಳೆದರೆ ನಾವು ಕೆರಳುತ್ತೇವೆ, ಅದು ಸಹಜವೇ. ಅದೇ ನಾವು ಮನೆ ಬಾಡಿಗೆಗೆ ಕೊಡುವಾಗ ಜಾತಿ ಕೇಳುವುದನ್ನು ಮಾತ್ರ ಸಂಪ್ರದಾಯವೆಂದು ಸಮರ್ಥಿಸಿಕೊಳ್ಳುತ್ತೇವೆ. ಎರಡರ ಬೇರೂ ಒಂದೇ ಎಂಬುದನ್ನು ಒಪ್ಪಿಕೊಳ್ಳದೆ ಮುಂದಿನ ಹೆಜ್ಜೆ ಸಾಧ್ಯವಿಲ್ಲ.

ಸೇವಾಲಾಲ್ ಜಯಂತಿ ಈಗ ಸರ್ಕಾರಿ ಕಾರ್ಯಕ್ರಮವೂ ಹೌದು. ಭಾವಚಿತ್ರಕ್ಕೆ ಹಾರ ಹಾಕಿ ಅರ್ಧ ಗಂಟೆಯಲ್ಲಿ ಮುಗಿಸಬಹುದಾದ ಅದನ್ನು, ತಾಂಡಾದ ಹಿರಿಯರನ್ನು ಶಾಲೆಗೆ ಕರೆಸಿ ಅವರ ಹಾಡನ್ನು ಎಲ್ಲ ಮಕ್ಕಳಿಗೂ ಕೇಳಿಸುವ ದಿನವನ್ನಾಗಿಯೂ ಮಾಡಬಹುದು. ಆಗ ಸೇವಾಲಾಲರು ಒಂದು ಜಾತಿಯ ಸಂತರಾಗಿ ಉಳಿಯದೆ, ಈ ಸೀಮೆಯ ಎಲ್ಲರಿಗೂ ಭಾಯಾ ಆಗುತ್ತಾರೆ.