ಫ್ಯಾನಿ ಹೆಸ್ಸೆ: ಅಡುಗೆಮನೆಯಿಂದ ಪ್ರಯೋಗಾಲಯಕ್ಕೆ

ಫ್ಯಾನಿ ಆಂಜೆಲಿನಾ ಹೆಸ್ಸೆ 1850ರಲ್ಲಿ ನ್ಯೂಯಾರ್ಕಿನ ಸಿರಿವಂತ ವರ್ತಕ ಕುಟುಂಬವೊಂದರಲ್ಲಿ ಜನಿಸಿದರು. ಜಾವಾದಲ್ಲಿ ನೆಲೆಸಿ ಬಂದಿದ್ದ ಡಚ್ ನೆರೆಯವರಿಂದ ಆ ಮನೆಗೆ ಹೊಸ ಪಾಕವೊಂದು ತಿಳಿದುಬಂತು: ಕಡಲಪಾಚಿಯ ಸಾರವಾದ ಅಗರ್ ಬೆರೆಸಿದ ಜೆಲ್ಲಿ ಬೇಸಗೆಯಲ್ಲಿಯೂ ನೀರಾಗದು. ನಮ್ಮ ಅಂಗಡಿಗಳಲ್ಲಿ ಚೈನಾ ಗ್ರಾಸ್ ಎಂಬ ಹೆಸರಿನಿಂದ ದೊರೆಯುವುದೂ ಇದೇ.

1874ರಲ್ಲಿ ಜರ್ಮನ್ ವೈದ್ಯ ವಾಲ್ಥರ್ ಹೆಸ್ಸೆಯವರನ್ನು ವರಿಸಿದ ಫ್ಯಾನಿ, ಮನೆವಾರ್ತೆಯ ನಡುವೆಯೇ ಪತಿಯ ಪ್ರಯೋಗಗಳಿಗೆ ನೆರವಾದರು. ಅವರ ಲೇಖನಗಳಿಗೆ ಸೂಕ್ಷ್ಮಜೀವಿಗಳ ಚಿತ್ರಗಳನ್ನು ರಚಿಸಿಕೊಟ್ಟರು. 1881ರಲ್ಲಿ ವಾಲ್ಥರ್ ಬರ್ಲಿನ್ನಿನ ರಾಬರ್ಟ್ ಕೋಖ್ ಅವರ ಪ್ರಯೋಗಾಲಯವನ್ನು ಸೇರಿ, ಗಾಳಿಯಲ್ಲಿರುವ ಸೂಕ್ಷ್ಮಜೀವಿಗಳ ಅಧ್ಯಯನಕ್ಕೆ ತೊಡಗಿದರು. ಅಲ್ಲಿ ಎದುರಾದ ತೊಡಕು ತಾಪಮಾನದ್ದು. ರೋಗಾಣುಗಳು ಬೆಳೆಯಲು ಮಾನವದೇಹದ 37 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಆ ಶಾಖಕ್ಕೆ ಜೆಲಟಿನ್ ಕರಗಿಹೋಗುತ್ತದೆ. ಕರಗದೆ ಉಳಿದುದನ್ನು ಕೆಲವು ಬ್ಯಾಕ್ಟೀರಿಯಾಗಳೇ ತಿಂದು ದ್ರವವಾಗಿಸುತ್ತವೆ. ಪ್ರತ್ಯೇಕವಾಗಿ ಬೆಳೆಯಬೇಕಾದ ಜೀವಿಗಳೆಲ್ಲ ಬೆರೆತು ಶ್ರಮ ವ್ಯರ್ಥವಾಗುತ್ತಿತ್ತು.

ಪತ್ನಿಯ ಜೆಲ್ಲಿ ಏಕೆ ಕರಗುವುದಿಲ್ಲವೆಂದು ವಾಲ್ಥರ್ ವಿಚಾರಿಸಿದಾಗ, ಫ್ಯಾನಿ ಅಗರಿನ ಗುಟ್ಟನ್ನು ತಿಳಿಸಿದರು. ಅದರ ಗುಣ ವಿಚಿತ್ರವಾದುದು. ಕರಗಲು ಸುಮಾರು 85 ಡಿಗ್ರಿ ಶಾಖ ಬೇಕು. ಆದರೆ ಒಮ್ಮೆ ಕರಗಿದ ಮೇಲೆ 40 ಡಿಗ್ರಿಯ ಆಸುಪಾಸಿಗೆ ಇಳಿಯುವವರೆಗೂ ಹೆಪ್ಪುಗಟ್ಟದು. ತಣಿಯುತ್ತ ಬಂದಂತೆ ಅದರ ಉದ್ದನೆಯ ಅಣುಸರಪಳಿಗಳು ಜೋಡಿಜೋಡಿಯಾಗಿ ಹೆಣೆದುಕೊಂಡು, ನೀರನ್ನು ಬಲೆಯಂತೆ ಹಿಡಿದಿಡುತ್ತವೆ. ನೂರು ಪಾಲು ನೀರಿಗೆ ಒಂದೂವರೆ ಪಾಲು ಅಗರ್ ಸಾಕು. ಅದನ್ನು ಜೀರ್ಣಿಸಿಕೊಳ್ಳಬಲ್ಲ ಬ್ಯಾಕ್ಟೀರಿಯಾಗಳೂ ವಿರಳ.

ವಾಲ್ಥರ್ ಈ ಸಂಗತಿಯನ್ನು ಕೋಖ್ ಅವರಿಗೆ ತಿಳಿಸಿದರು. 1882ರಲ್ಲಿ ಪ್ರಕಟವಾದ ಕ್ಷಯರೋಗಾಣುವಿನ ಸುಪ್ರಸಿದ್ಧ ಲೇಖನದಲ್ಲಿ ಅಗರಿನ ಪ್ರಸ್ತಾಪ ಒಂದೇ ವಾಕ್ಯದಲ್ಲಿ ಬಂದುಹೋಗುತ್ತದೆ. ಹೆಸ್ಸೆ ದಂಪತಿಗಳ ಹೆಸರು ಅಲ್ಲಿಲ್ಲ. ಐದು ವರ್ಷಗಳ ತರುವಾಯ ಅದೇ ಪ್ರಯೋಗಾಲಯದ ಪೆಟ್ರಿ ಎಂಬವರು ಮುಚ್ಚಳವಿರುವ ಚಪ್ಪಟೆ ಗಾಜಿನ ತಟ್ಟೆಯನ್ನು ರೂಪಿಸಿದರು. ತಟ್ಟೆಗೆ ಪೆಟ್ರಿಯ ಹೆಸರು ಶಾಶ್ವತವಾಗಿ ನಿಂತಿತು. ತಟ್ಟೆಯೊಳಗಿನ ಅಗರಿಗೆ ಯಾರ ಹೆಸರೂ ಅಂಟಲಿಲ್ಲ. ಇದನ್ನು ಕೇವಲ ಮರೆವೆನ್ನಲು ಮನಸ್ಸು ಒಪ್ಪದು. ಅಡುಗೆಮನೆಯ ಅರಿವನ್ನು ವಿದ್ಯೆಯೆಂದು ಎಣಿಸುವ ವಾಡಿಕೆ ಅಂದಿನ ವಿದ್ವತ್‌ಲೋಕಕ್ಕೆ ಇರಲಿಲ್ಲ.

1911ರಲ್ಲಿ ವಾಲ್ಥರ್ ನಿಧನರಾದರು. ಇಪ್ಪತ್ತಮೂರು ವರ್ಷಗಳ ವೈಧವ್ಯದ ಬಳಿಕ, 1934ರಲ್ಲಿ ಡ್ರೆಸ್ಡೆನ್ನಿನಲ್ಲಿ ಫ್ಯಾನಿಯವರೂ ತೀರಿಕೊಂಡರು. 1939ರಲ್ಲಿ ಹಿಚೆನ್ಸ್ ಮತ್ತು ಲೈಕಿಂಡ್ ಎಂಬ ಇಬ್ಬರು ಸಂಶೋಧಕರು ಈ ವೃತ್ತಾಂತವನ್ನು ಬೆಳಕಿಗೆ ತಂದು, ಸಾದಾ ಅಗರ್ ಮಾಧ್ಯಮವನ್ನು ಹೆಸ್ಸೆಯವರ ಹೆಸರಿನಿಂದಲೇ ಕರೆಯಬೇಕೆಂದು ಸೂಚಿಸಿದರು. ಆ ಹೆಸರು ಬಳಕೆಗೆ ಬರಲಿಲ್ಲ.