ಲೆಕ್ಕ ಕಲಿತು ಹಕ್ಕಿ ಎಣಿಸಿದ ಸಲೀಂ ಅಲಿ

ನವೆಂಬರ್ 12ರಂದು ದೇಶದ ಹಲವೆಡೆ ಪಕ್ಷಿ ದಿನ ಆಚರಿಸುತ್ತಾರೆ. ಅದು ಸಲೀಂ ಅಲಿ ಅವರು ಹುಟ್ಟಿದ ದಿನ. ನಮ್ಮಲ್ಲಿ ಹೆಚ್ಚಿನವರಿಗೆ ಅವರ ಹೆಸರು ಸಾಮಾನ್ಯ ಜ್ಞಾನದ ಒಂದು ಅಂಕದ ಪ್ರಶ್ನೆಯಾಗಿ ಗೊತ್ತು. ಅವರ ಜೀವನವನ್ನು ಓದುವಾಗ ನನ್ನನ್ನು ಹಿಡಿದು ನಿಲ್ಲಿಸಿದ ವಿಷಯಗಳು ಎರಡು. ಅವರು ತರಗತಿಯಲ್ಲಿ ಕಲಿತದ್ದರಲ್ಲಿ ನಾನು ಕಲಿಯುತ್ತಿರುವ ಲೆಕ್ಕಶಾಸ್ತ್ರವೂ ಇತ್ತು. ಅವರು ಹಕ್ಕಿ ಹುಡುಕಿದ ಕಾಡುಗಳಲ್ಲಿ ಯಳಂದೂರಿನಿಂದ ಕಾಣುವ ನಮ್ಮ ಬಿಳಿಗಿರಿರಂಗನ ಬೆಟ್ಟವೂ ಇತ್ತು.

ಸಲೀಂ ಅಲಿ 1896ರಲ್ಲಿ ಮುಂಬಯಿಯ ಸುಲೈಮಾನಿ ಬೋಹ್ರಾ ಕುಟುಂಬದಲ್ಲಿ ಹುಟ್ಟಿದರು. ಮನೆಯ ಕೊನೆಯ ಮಗು. ಒಂದು ವರ್ಷದಲ್ಲಿ ತಂದೆ, ಮೂರು ವರ್ಷದಲ್ಲಿ ತಾಯಿ ತೀರಿಕೊಂಡರು. ಮಾಮು ಅಮೀರುದ್ದೀನ್ ತಯ್ಯಬ್‌ಜಿ ಮತ್ತು ಮಕ್ಕಳಿಲ್ಲದ ಮುಮಾನಿ ಹಮೀದಾ ಬೇಗಂ ಅವರನ್ನು ಸಾಕಿದರು. ಸುಮಾರು ಹತ್ತು ವರ್ಷದವರಿದ್ದಾಗ ಆಟದ ಏರ್‌ಗನ್‌ನಿಂದ ಒಂದು ಗುಬ್ಬಿಯನ್ನು ಹೊಡೆದರು. ಅದರ ಕೊರಳಿನಲ್ಲಿ ಹಳದಿ ಮಚ್ಚೆ ಇತ್ತು. ಅದು ಯಾವ ಗುಬ್ಬಿ ಎಂದು ಮಾಮುಗೂ ಗೊತ್ತಾಗಲಿಲ್ಲ. ಅವರು ಹುಡುಗನನ್ನು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಕಳುಹಿಸಿದರು. ಅಲ್ಲಿನ ಕಾರ್ಯದರ್ಶಿ ಮಿಲ್ಲಾರ್ಡ್ ಎಂಬ ಇಂಗ್ಲಿಷ್ ಸಾಹೇಬರು ಅದರ ಹೆಸರು ಹೇಳಿದ್ದಲ್ಲದೆ, ಸೊಸೈಟಿಯಲ್ಲಿ ಸಂಗ್ರಹಿಸಿಟ್ಟಿದ್ದ ಹಕ್ಕಿಗಳನ್ನೆಲ್ಲ ತೋರಿಸಿದರು.

ಆದರೆ ಅಲ್ಲಿಂದ ದಾರಿ ನೇರವಾಗಿ ಹೋಗಲಿಲ್ಲ. ಕಾಲೇಜು ಅರ್ಧಕ್ಕೆ ಬಿಟ್ಟು, ಬರ್ಮಾದಲ್ಲಿದ್ದ ಮನೆಯವರ ಗಣಿ ಮತ್ತು ಮರದ ವ್ಯಾಪಾರ ನೋಡಿಕೊಳ್ಳಲು ಹೋದರು. 1917ರಲ್ಲಿ ಮುಂಬಯಿಗೆ ಮರಳಿ, ದಾವರ್ ಕಾಲೇಜ್ ಆಫ್ ಕಾಮರ್ಸ್‌ನಲ್ಲಿ ವಾಣಿಜ್ಯ ಕಾನೂನು ಮತ್ತು ಲೆಕ್ಕಶಾಸ್ತ್ರ ಓದಿದರು. ಜೊತೆಗೆ ಸೇಂಟ್ ಝೇವಿಯರ್ಸ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರವನ್ನೂ ಕಲಿತರು. 1918ರಲ್ಲಿ ತೆಹಮಿನಾ ಬೇಗಂ ಅವರೊಂದಿಗೆ ನಿಕಾಹ್ ಆಯಿತು. ಮುಂದೆ ಜೂವಾಲಾಜಿಕಲ್ ಸರ್ವೆ ಆಫ್ ಇಂಡಿಯಾದಲ್ಲಿ ಪಕ್ಷಿತಜ್ಞರ ಹುದ್ದೆ ಖಾಲಿ ಇದ್ದಾಗ ಅರ್ಜಿ ಹಾಕಿದರು. ವಿಶ್ವವಿದ್ಯಾಲಯದ ಪದವಿ ಇಲ್ಲದ ಕಾರಣ ಅದು ಕೈತಪ್ಪಿತು.

ಪಿಯುಸಿಗೆ ಸೇರುವ ದಿನ ಒಂದು ವಿಭಾಗದ ಮೇಲೆ ಟಿಕ್ ಹಾಕಿದರೆ ಉಳಿದ ಬಾಗಿಲುಗಳು ಮುಚ್ಚಿದವು ಎಂದು ನಮಗೆ ಎಲ್ಲರೂ ಹೇಳುತ್ತಾರೆ. ಸಲೀಂ ಅಲಿ ಅವರ ಪಾಲಿಗೆ ಒಂದು ಬಾಗಿಲು ನಿಜವಾಗಿಯೂ ಮುಚ್ಚಿತು. ಅವರು ಬೇರೆ ಬಾಗಿಲು ಹುಡುಕಿದರು. 1926ರಲ್ಲಿ ಮುಂಬಯಿಯ ಪ್ರಿನ್ಸ್ ಆಫ್ ವೇಲ್ಸ್ ವಸ್ತು ಸಂಗ್ರಹಾಲಯದಲ್ಲಿ ಗೈಡ್ ಉಪನ್ಯಾಸಕರಾದರು. ಆಮೇಲೆ ರಜೆ ಹಾಕಿ ಜರ್ಮನಿಗೆ ಹೋಗಿ, ಬರ್ಲಿನ್‌ನಲ್ಲಿ ಎರ್ವಿನ್ ಸ್ಟ್ರೆಸೆಮನ್ ಎಂಬ ದೊಡ್ಡ ಪಕ್ಷಿತಜ್ಞರ ಕೈಕೆಳಗೆ ಕಲಿತರು. ಉತ್ತರ ಸಮುದ್ರದ ಹೆಲ್ಗೊಲ್ಯಾಂಡ್ ದ್ವೀಪದಲ್ಲಿ ವಲಸೆ ಹಕ್ಕಿಗಳನ್ನು ಹಿಡಿದು, ಕಾಲಿಗೆ ಉಂಗುರ ತೊಡಿಸಿ ಬಿಡುವ ಕೆಲಸವನ್ನೂ ಅಭ್ಯಾಸ ಮಾಡಿದರು.

1930ರಲ್ಲಿ ಮರಳಿ ಬಂದರೆ ಹಣವಿಲ್ಲವೆಂದು ಆ ಹುದ್ದೆಯನ್ನೇ ತೆಗೆದುಹಾಕಿದ್ದರು. ಗಂಡ ಹೆಂಡತಿ ಇಬ್ಬರೂ ಸಮುದ್ರ ದಂಡೆಯ ಕಿಹೀಮ್ ಹಳ್ಳಿಗೆ ಹೋಗಿ ನೆಲೆಸಿದರು. ಅಲ್ಲಿ ಅವರು ಗೀಜಗನ ಗೂಡುಗಳನ್ನು ದಿನವೂ ನೋಡಿ ಬರೆದುಕೊಂಡರು. ಗಂಡು ಗೀಜಗ ಅರ್ಧ ಗೂಡು ಕಟ್ಟುತ್ತದೆ. ಹೆಣ್ಣು ಬಂದು ಪರೀಕ್ಷಿಸಿ ಒಪ್ಪಿದರೆ ಮಾತ್ರ ಪೂರ್ತಿ ಮಾಡುತ್ತದೆ, ಆಮೇಲೆ ಇನ್ನೊಂದು ಗೂಡು ಶುರು ಮಾಡುತ್ತದೆ. ಕೆಲಸವಿಲ್ಲದ ಆ ದಿನಗಳಲ್ಲಿ ಮಾಡಿದ ಈ ಅಧ್ಯಯನ ಅವರಿಗೆ ಹೆಸರು ತಂದಿತು.

ಬಳಿಕ ಅವರು ಸಂಸ್ಥಾನಗಳ ಹಕ್ಕಿ ಸರ್ವೆಗೆ ಇಳಿದರು. ಶಿಬಿರದ ಖರ್ಚು ಕೊಟ್ಟರೆ ಸಾಕು, ತಮಗೆ ಸಂಬಳ ಬೇಡ ಎಂಬುದು ಅವರ ಷರತ್ತು. ಹೈದರಾಬಾದ್, ತಿರುವಾಂಕೂರು, ಕೊಚ್ಚಿ ಹೀಗೆ ಒಂದೊಂದಾಗಿ ಮುಗಿಸಿದರು. ತೆಹಮಿನಾ ಕೂಡ ಶಿಬಿರಗಳಲ್ಲಿ ಜೊತೆಗಿರುತ್ತಿದ್ದರು. 1939ರಲ್ಲಿ ಒಂದು ಸಣ್ಣ ಶಸ್ತ್ರಚಿಕಿತ್ಸೆಯ ನಂತರ ಅವರು ತೀರಿಕೊಂಡರು. ಆ ದುಃಖದ ಬೆನ್ನಿಗೇ ಬಂದದ್ದು 1939-40ರ ಮೈಸೂರು ಸಂಸ್ಥಾನದ ಸರ್ವೆ. ಆಗ ಯಳಂದೂರು ಮೈಸೂರಿಗೆ ಸೇರಿತ್ತು. ಹನೂರೂ ಸೇರಿದ್ದ ಕೊಳ್ಳೇಗಾಲ ತಾಲ್ಲೂಕು ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಹಕ್ಕಿಗಳಿಗೆ ಆ ಗಡಿ ಗೊತ್ತಿರಲಿಲ್ಲ. ಬಿಳಿಗಿರಿರಂಗನ ಬೆಟ್ಟ ಪೂರ್ವ ಘಟ್ಟ ಮತ್ತು ಪಶ್ಚಿಮ ಘಟ್ಟಗಳ ನಡುವಿನ ಸೇತುವೆ ಇದ್ದಂತೆ. ಎರಡೂ ಕಡೆಯ ಹಕ್ಕಿಗಳು ಇಲ್ಲಿ ಸಿಗುತ್ತವೆ. ಇದೇ ಪ್ರವಾಸದ ಕಾಲದಲ್ಲಿ ಶ್ರೀರಂಗಪಟ್ಟಣದ ಬಳಿ ಕಾವೇರಿಯ ನಡುಗಡ್ಡೆಗಳನ್ನು ನೋಡಿ, ಅವನ್ನು ಪಕ್ಷಿಧಾಮ ಮಾಡಬೇಕೆಂದು ಮಹಾರಾಜರಿಗೆ ಸಲಹೆ ಕೊಟ್ಟರು. ನಾವು ಟೂರ್ ಹೋಗುವ ರಂಗನತಿಟ್ಟು ಹಾಗೆ ಉಳಿಯಿತು.

ಅವರನ್ನು ಬಹಳ ಕಾಡಿದ್ದು ಚಳಿಗಾಲದ ಅತಿಥಿಗಳ ಪ್ರಶ್ನೆ. ಕೆರೆಗಳಿಗೆ ಬರುವ ಬಾತುಗಳಿಗೆ ನಮ್ಮ ಮನೆಯಲ್ಲಿ ದಾದಿ ಮುರ್ಗಾಬಿ ಅನ್ನುತ್ತಾರೆ. ಇವು ಎಲ್ಲಿಂದ ಬರುತ್ತವೆ, ಎಲ್ಲಿಗೆ ಹೋಗುತ್ತವೆ? 1945ರಲ್ಲಿ ಸಲೀಂ ಅಲಿ ಕೈಲಾಸ ಮಾನಸ ಸರೋವರದವರೆಗೆ ಹೋಗಿ, ಆ ಚಳಿಯ ನಾಡಿನ ಹಕ್ಕಿಗಳನ್ನು ಕಂಡು ಬಂದರು. ಆದರೆ ಹಕ್ಕಿಯ ಹಿಂದೆ ಸೈಬೀರಿಯಾದವರೆಗೆ ಓಡಲು ಯಾರಿಂದಲೂ ಆಗದು. ಅದಕ್ಕೆ ಉಂಗುರವೇ ದಾರಿ. ಉಂಗುರದಲ್ಲಿ ಒಂದು ಸಂಖ್ಯೆ, ಒಂದು ವಿಳಾಸ. ಇಲ್ಲಿ ಬರೆದುಕೊಂಡ ಸಂಖ್ಯೆ ಅಲ್ಲಿ ಸಿಕ್ಕರೆ ಲೆಕ್ಕ ತಾಳೆಯಾಯಿತು.

ಈ ಕೆಲಸಕ್ಕೆ ಬಲ ಬಂದದ್ದು ನಮ್ಮ ರಾಜ್ಯದ ಒಂದು ಕಾಯಿಲೆಯಿಂದ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತವು, ಜನರಿಗೂ ಜ್ವರ ಬಂತು. ಅದೇ ಮಂಗನ ಕಾಯಿಲೆ. 2012ರಲ್ಲಿ ನಮ್ಮ ಜಿಲ್ಲೆಯ ಬಂಡೀಪುರದಲ್ಲೂ ಅದು ಕಾಣಿಸಿಕೊಂಡಿತು. ಅದರ ವೈರಸ್ ರಷ್ಯಾದ ಚಳಿ ಪ್ರದೇಶದ ಒಂದು ಮೆದುಳು ಜ್ವರದ ವೈರಸ್‌ಗೆ ಹತ್ತಿರವಿತ್ತು. ಉತ್ತರದಿಂದ ಬರುವ ಹಕ್ಕಿಗಳೇ ಉಣ್ಣೆಗಳ ಮೂಲಕ ಅದನ್ನು ತಂದವೇ ಎಂಬ ಸಂಶಯ ಎದ್ದಿತು. ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಸಲೀಂ ಅಲಿ ಅವರ ತಂಡ ವರ್ಷಗಟ್ಟಲೆ ಹಕ್ಕಿಗಳಿಗೆ ಉಂಗುರ ತೊಡಿಸಿತು. ಹಲವು ಉಂಗುರಗಳು ಸೋವಿಯತ್ ದೇಶದಲ್ಲಿ ಸಿಕ್ಕವು. ಆದರೆ ಹಕ್ಕಿಗಳ ಮೇಲಿನ ಆರೋಪ ಸಾಬೀತಾಗಲಿಲ್ಲ. ಕಾಯಿಲೆ ಹರಡುತ್ತಿದ್ದ ಉಣ್ಣೆ ನಮ್ಮ ಕಾಡಿನದೇ ಆಗಿತ್ತು. ದೂರದಿಂದ ಬಂದವರ ಮೇಲೆ ಸಂಶಯ ಪಡುವುದು ಸುಲಭ. ಸಲೀಂ ಅಲಿ ಅವರು ಎಣಿಸಿ ನೋಡಿದರು.

1976ರಲ್ಲಿ, ಎಂಬತ್ತರ ಹತ್ತಿರದಲ್ಲೂ, ಕಪ್ಪು ಕೊರಳಿನ ಕೊಕ್ಕರೆಯನ್ನು ನೋಡಲು ಲಡಾಖ್‌ಗೆ ಹೋದರು. ಅದೇ ವರ್ಷ ಪದ್ಮವಿಭೂಷಣ ಬಂತು. ಪದವಿ ಇಲ್ಲದ ಅವರಿಗೆ ಅಲೀಗಢ ಮುಸ್ಲಿಂ ವಿಶ್ವವಿದ್ಯಾಲಯ 1958ರಲ್ಲೇ ಗೌರವ ಡಾಕ್ಟರೇಟ್ ಕೊಟ್ಟಿತ್ತು. ಗೆಟ್ಟಿ ಪ್ರಶಸ್ತಿಯ ಹಣವನ್ನು ನಿಸರ್ಗ ರಕ್ಷಣೆಯ ನಿಧಿಗೆ ಕೊಟ್ಟರು. ಡಿಲ್ಲನ್ ರಿಪ್ಲೆ ಅವರೊಂದಿಗೆ ಬರೆದ ಹತ್ತು ಸಂಪುಟಗಳ ಪಕ್ಷಿ ಕೈಪಿಡಿ ಇಂದಿಗೂ ಬಳಕೆಯಲ್ಲಿದೆ. 1987ರ ಜೂನ್ 20ರಂದು ಅವರು ತೀರಿಕೊಂಡರು. ಅವರ ಹೆಸರಿನ ಸಂಶೋಧನಾ ಕೇಂದ್ರ ಇರುವುದು ಕೊಯಮತ್ತೂರಿನ ಬಳಿ, ಒಂದು ಕಾಲದಲ್ಲಿ ನಮ್ಮದೇ ಜಿಲ್ಲಾ ಕೇಂದ್ರವಾಗಿದ್ದ ಊರಿನ ಹತ್ತಿರ.

ಅವರು ಬಿಟ್ಟುಹೋದ ಲೆಕ್ಕ ಇನ್ನೂ ಮುಗಿದಿಲ್ಲ. ನಂಜನಗೂಡಿನ ಬಳಿಯ ಹದಿನಾರು ಕೆರೆಗೆ ಪ್ರತಿ ಚಳಿಗಾಲ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಮಂಗೋಲಿಯಾ, ಟಿಬೆಟ್ ಕಡೆ ಮರಿ ಮಾಡಿ, ಹಿಮಾಲಯ ದಾಟಿ ಬರುವ ಹಕ್ಕಿಗಳಿವು. 7,000 ಮೀಟರಿಗೂ ಎತ್ತರದಲ್ಲಿ ಹಾರಿದ್ದು ದಾಖಲಾಗಿದೆ. ಮಂಗೋಲಿಯಾದಲ್ಲಿ ಕೊರಳಿಗೆ ಪಟ್ಟಿ ಹಾಕಿದ ಹೆಬ್ಬಾತುಗಳು ಕರ್ನಾಟಕದಲ್ಲಿ ಕಂಡಿವೆ. ಇಲ್ಲಿನ ಒಂದು ಕೆರೆ ಬತ್ತಿದರೆ ಅಲ್ಲಿನ ಒಂದು ಗೂಡು ಖಾಲಿಯಾಗಬಹುದು. ಇದು ಅಲ್ಲಿನ ವಿಜ್ಞಾನಿಗಳಿಗೆ ತಿಳಿಯಬೇಕಾದರೆ ಇಲ್ಲಿ ಯಾರಾದರೂ ನೋಡಿ ಬರೆದಿಡಬೇಕು.

ವಿಜ್ಞಾನ ವಿಭಾಗದವರು ಹಕ್ಕಿಯ ಹೆಸರು ಹೇಳಲಿ, ಕಲಾ ವಿಭಾಗದವರು ಊರಿನ ಹಿರಿಯರನ್ನು ಕೇಳಿ ಬರಲಿ. ದಿನಾಂಕ, ಕೆರೆ, ಹಕ್ಕಿಗಳ ಸಂಖ್ಯೆ ಎಂದು ಮೂರು ಕಾಲಂ ಎಳೆದು ಪುಸ್ತಕ ಇಡುವ ಕೆಲಸ ನಮ್ಮ ವಾಣಿಜ್ಯ ವಿಭಾಗಕ್ಕೆ ಬಿಡಿ. ಈ ಡಿಸೆಂಬರ್‌ನಲ್ಲಿ ಶುರು ಮಾಡಬಹುದು.